ಟಕ್ ಅಂತ ನುಡಿಸಿ, ತಟ್ಟನೆ ಬಿಡಿ: ಕೈ ಬಿಗಿಯಾಗದ ಹಾಗೆ ಸ್ಟಕಾಟೊ ಕಾರ್ಡ್

ಸ್ಟಕಾಟೊ ಕಾರ್ಡ್‌ಗಳನ್ನು, ಅಂದರೆ ಮೂರ್ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿ ಚುಟುಕಾಗಿ ಬಿಡುವುದನ್ನು, ಎರಡು ನಿಮಿಷ ನುಡಿಸಿದರೆ ಸಾಕು, ಮುಂಗೈ ಕಲ್ಲಾಗಿಬಿಡುತ್ತದೆ ಎಂದು ದೂರುವವರು ಬಹಳ. ತುಮಕೂರಿನಲ್ಲಿ ಕೀಬೋರ್ಡ್ ಕಲಿಸುವ ನನ್ನ ಹತ್ತಿರ ಬರುವವರು ಮೂರು ಥರ. ಗ್ರೇಡ್ ಪರೀಕ್ಷೆಗೆ ತಯಾರಾಗುವ ಶಾಲೆ ಮಕ್ಕಳು, ಚರ್ಚ್ ಕ್ವೈರ್‌ನಲ್ಲಿ ನುಡಿಸುವವರು, ಗಣೇಶ ಹಬ್ಬದ ಆರ್ಕೆಸ್ಟ್ರಾಕ್ಕೂ ಹಳ್ಳಿ ನಾಟಕಕ್ಕೂ ಕೀಬೋರ್ಡ್ ಹೊತ್ತು ಓಡಾಡುವವರು. ಮೂವರದ್ದೂ ಒಂದೇ ತೊಂದರೆ. ಅವರು ಕೊಡುವ ಕಾರಣವೂ ಒಂದೇ: "ಬೆರಳಿಗೆ ಇನ್ನೂ ಶಕ್ತಿ ಬಂದಿಲ್ಲ ಸಾರ್."

ನಾನು ಇದನ್ನು ಒಪ್ಪುವುದಿಲ್ಲ. ಊಟದ ತಟ್ಟೆ ಎತ್ತುವ ಕೈಗೆ ಮೂರು ಕೀ ಒತ್ತುವ ಶಕ್ತಿ ಇದ್ದೇ ಇರುತ್ತದೆ. ಸದ್ದು ಬಂದ ಮೇಲೂ ಕೈ ತನ್ನ ಕೆಲಸ ನಿಲ್ಲಿಸುವುದಿಲ್ಲ, ಬಿಗಿ ಬರುವುದು ಅಲ್ಲಿಂದ. ಕೆಳಗೆ ಹೇಳಿರುವ ಅಭ್ಯಾಸಗಳೆಲ್ಲ ಕೈಗೆ ಬೇಗ ನಿಲ್ಲಿಸುವುದನ್ನು ಕಲಿಸುವುದಕ್ಕೇ.

ಕೀ ಒಳಗೆ ಏನಾಗುತ್ತದೆ

ಪಿಯಾನೊ ಕೀ ಪೂರ್ತಿ ಒತ್ತಿದರೆ ಸುಮಾರು 10 ಮಿಲಿಮೀಟರ್ ಕೆಳಗಿಳಿಯುತ್ತದೆ. ಅದು ತಳ ಮುಟ್ಟುವ ಹೊತ್ತಿಗೆ, ಒಳಗಿನ ಸುತ್ತಿಗೆ ಇನ್ನೇನು ತಂತಿಗೆ ತಾಗಬೇಕು ಅನ್ನುವಷ್ಟರಲ್ಲಿ, ಕೀಗೂ ಸುತ್ತಿಗೆಗೂ ಇರುವ ಕೊಂಡಿ ಕಳಚಿಕೊಳ್ಳುತ್ತದೆ. ಉಳಿದ ಒಂದೆರಡು ಮಿಲಿಮೀಟರ್ ದೂರವನ್ನು ಸುತ್ತಿಗೆ ತಾನೇ ಹಾರಿಹೋಗಿ ಬಡಿಯುತ್ತದೆ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಪಿಯಾನೊ ಕಟ್ಟಿದಾಗಲೇ ಈ ಏರ್ಪಾಡು ಮಾಡಿದ್ದ. ಹಾಗಾಗಿ ತಳದಲ್ಲಿ ನೀವು ಎಷ್ಟೇ ಅದುಮಿದರೂ ಆ ಸದ್ದಿಗೆ ಏನೂ ಸೇರುವುದಿಲ್ಲ. ಸದ್ದಿನ ಜೋರು ಎಷ್ಟಿರಬೇಕು ಅನ್ನುವುದು ಕೀ ಕೆಳಗಿಳಿದ ವೇಗದಲ್ಲೇ ತೀರ್ಮಾನವಾಗಿಹೋಗಿರುತ್ತದೆ.

ನಮ್ಮೂರಲ್ಲಿ ಎಷ್ಟು ಮನೆಯಲ್ಲಿ ನಿಜವಾದ ಪಿಯಾನೊ ಇದೆ ಹೇಳಿ? ಎಲ್ಲರ ಹತ್ತಿರ ಇರುವುದು ಕ್ಯಾಸಿಯೊ, ಯಮಾಹಾ ಕೀಬೋರ್ಡ್‌ಗಳೇ. ಅಲ್ಲೂ ಕಥೆ ಬೇರೆಯಲ್ಲ. ಟಚ್ ಇರುವ, ಅಂದರೆ ಒತ್ತುವ ವೇಗಕ್ಕೆ ತಕ್ಕ ಹಾಗೆ ಸದ್ದು ಜೋರು ಮೆಲ್ಲ ಆಗುವ ಕೀಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ಕೀ ಕೆಳಗೆ ಎರಡು ಸ್ವಿಚ್ ಇರುತ್ತವೆ. ಮೊದಲನೆಯದು ತಾಗಿ ಎರಡನೆಯದು ತಾಗುವುದರೊಳಗೆ ಎಷ್ಟು ಹೊತ್ತಾಯಿತು ಎಂದು ಮಷೀನು ಅಳೆಯುತ್ತದೆ. ಹೊತ್ತು ಕಮ್ಮಿಯಾದಷ್ಟೂ ಸದ್ದು ಜೋರು. ಎರಡನೇ ಸ್ವಿಚ್ ತಾಗಿದ ಮೇಲೆ ನೀವು ಒತ್ತುವುದೆಲ್ಲ ಪ್ಲಾಸ್ಟಿಕ್ಕಿಗೆ ಹೋಗುತ್ತದೆ.

ಇನ್ನು ಬಿಡುವ ಕಡೆ ನೋಡೋಣ. ಪಿಯಾನೊ ಕೀ ಮೇಲೆ ಬಂದ ಕೂಡಲೇ ಫೆಲ್ಟ್ ಹಚ್ಚಿದ ಡ್ಯಾಂಪರ್ ತಂತಿಯ ಮೇಲೆ ಕೂತು ಸದ್ದು ನಿಲ್ಲಿಸುತ್ತದೆ. ಸ್ಟಕಾಟೊ ಚುಟುಕಾಗಿ ಕೇಳಿಸುವುದು ಇದರಿಂದಲೇ. ಕೀಯನ್ನು ಮೇಲೆ ತರುವವರು ಯಾರು? ನೀವಲ್ಲ, ಕೀ ತಾನೇ ಬರುತ್ತದೆ. ಪಿಯಾನೊದಲ್ಲಿ ಒಳಗಿನ ಭಾರ ಅದನ್ನು ಮೇಲೆತ್ತುತ್ತದೆ, ಕೀಬೋರ್ಡಿನಲ್ಲಿ ಸ್ಪ್ರಿಂಗ್. ಬೆರಳು ದಾರಿ ಬಿಟ್ಟರೆ ಸಾಕು.

ಹಾರ್ಮೋನಿಯಂನಿಂದ ಕೀಬೋರ್ಡಿಗೆ ಬಂದವರಿಗೆ ಇದು ಕೊಂಚ ಕಷ್ಟ. ಗುಬ್ಬಿ ವೀರಣ್ಣನವರ ಕಂಪನಿ ಹುಟ್ಟಿದ ಜಿಲ್ಲೆ ಇದು. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಅಂದರೆ ರಾತ್ರಿಯಿಡೀ ಹಾರ್ಮೋನಿಯಂ ನುಡಿಸುವ ಮೇಷ್ಟ್ರು ಇರಲೇಬೇಕು. ಹಾರ್ಮೋನಿಯಂನಲ್ಲಿ ಕೀ ಒತ್ತಿದರೆ ಗಾಳಿಯ ಬಾಗಿಲು ತೆರೆಯುತ್ತದೆ, ಒತ್ತಿ ಹಿಡಿದಷ್ಟು ಹೊತ್ತೂ ಸ್ವರ ಬರುತ್ತದೆ. ಜೋರು, ಮೆಲ್ಲ ಎರಡೂ ತಿದಿಯ ಕೈಯಲ್ಲಿ. ಅಲ್ಲಿ ಒತ್ತಿ ಹಿಡಿಯುವುದೇ ಸರಿಯಾದ ಅಭ್ಯಾಸ. ಅದೇ ಬೆರಳು ಪಿಯಾನೊ ಮುಂದೆ ಕೂತಾಗಲೂ ಹಳೇ ಅಭ್ಯಾಸದಂತೆ ಒತ್ತಿ ಹಿಡಿಯುತ್ತದೆ. ಕೊನೆಗೆ ಸ್ಟಕಾಟೊ ಬೇಕೆಂದು ಕಿತ್ತೆಳೆಯಬೇಕಾಗುತ್ತದೆ.

"ಬಿಸಿ ಹಂಚು ಮುಟ್ಟಿದ ಹಾಗೆ" ಅನ್ನುವ ಪಾಠ

ಸ್ಟಕಾಟೊ ಹೇಳಿಕೊಡುವಾಗ ಮೇಷ್ಟ್ರುಗಳು ಸಾಮಾನ್ಯವಾಗಿ ಹೇಳುವ ಮಾತು ಇದು. ಬಿಸಿ ಹಂಚಿಗೆ ಕೈ ತಾಗಿದರೆ ಹೇಗೆ ಎಳೆದುಕೊಳ್ಳುತ್ತೀರೋ ಹಾಗೆ ನುಡಿಸಿ ಅಂತ. ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ, ಸದ್ದೂ ಚುಟುಕಾಗಿ ಬರುತ್ತದೆ. ಆದರೆ ಬಿಸಿ ತಾಗಿದಾಗ ನಾವು ಏನು ಮಾಡುತ್ತೇವೆ? ಭುಜ ಏರುತ್ತದೆ, ಮೊಣಕೈ ಹಿಂದಕ್ಕೆ ಹೋಗುತ್ತದೆ, ಬೆರಳು ಐದೂ ಸೆಟೆದುಕೊಳ್ಳುತ್ತವೆ. ಹೆದರಿಕೆಯ ಚಲನೆ ಅದು. ಒಂದು ಸಲಕ್ಕೆ ಪರವಾಗಿಲ್ಲ. ಒಂದು ಹಾಡಿನಲ್ಲಿ ಇನ್ನೂರು ಸಲ ಹಾಗೆ ಮಾಡಿದರೆ ಕೈ ಏನಾಗಬೇಕು? ನನ್ನ ಪಾಠದಲ್ಲಿ ಹಂಚಿಗೆ ಜಾಗವಿಲ್ಲ.

ಮೊದಲು ಕೂರುವುದು

ಮೊಣಕೈ ಮತ್ತು ಕೀಗಳ ಮೇಲ್ಮೈ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರಬೇಕು. ಮೊಣಕೈ ಒಂದು ಬೆರಳಷ್ಟು ಮೇಲಿದ್ದರೂ ನಡೆಯುತ್ತದೆ. ಪಿಯಾನೊದಲ್ಲಿ ಕೀಗಳು ನೆಲದಿಂದ ಸುಮಾರು 73 ಸೆಂಟಿಮೀಟರ್ ಎತ್ತರದಲ್ಲಿರುತ್ತವೆ. ಮನೆಗಳಲ್ಲಿ ನಾನು ನೋಡುವುದೇ ಬೇರೆ. ಟೀಪಾಯಿ ಮೇಲೆ ಕೀಬೋರ್ಡ್ ಇಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಕೀ ತೀರಾ ಕೆಳಗಾಗುತ್ತದೆ, ಬೆನ್ನು ಬಾಗುತ್ತದೆ. ಡೈನಿಂಗ್ ಟೇಬಲ್ ಮೇಲೆ ಇಟ್ಟರೆ ಟೇಬಲ್ಲಿನ ಎತ್ತರಕ್ಕೆ ಕೀಬೋರ್ಡಿನ ದಪ್ಪವೂ ಸೇರಿ ಭುಜ ಮೇಲೇರುತ್ತದೆ. ಮಂಚದ ಮೇಲೆ ಇಟ್ಟು ನೆಲದಲ್ಲಿ ಕೂತರೂ ಅದೇ ಪಾಡು. ಟೇಬಲ್ಲೇ ಗತಿ ಅನ್ನುವವರು ಕುರ್ಚಿ ಮೇಲೆ ಮಡಿಸಿದ ರಗ್ಗು ಹಾಕಿಕೊಳ್ಳಿ. ಮಕ್ಕಳಾದರೆ ಕಾಲು ನೇತಾಡಬಾರದು, ಪಾದದ ಕೆಳಗೆ ಒಂದು ಮಣೆ ಇಡಿ. ಎತ್ತರ ಬದಲಾಯಿಸಬಹುದಾದ ಸ್ಟ್ಯಾಂಡ್ ತೆಗೆದುಕೊಂಡರೆ ಈ ತಲೆನೋವೇ ಇಲ್ಲ.

ಕುರ್ಚಿಯ ಮುಂದಿನ ಅರ್ಧದಲ್ಲಿ ಕೂರಿ. ಒರಗಬೇಡಿ.

ಬಿಗಿ ಎಲ್ಲಿದೆ ಎಂದು ಮುಟ್ಟಿ ನೋಡಿ

ಬಲಗೈ ಅಂಗೈ ಮೇಲೆ ಮಾಡಿ ತೊಡೆಯ ಮೇಲಿಡಿ. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ಮುಂಗೈಯ ಒಳಭಾಗವನ್ನು ಎಡಗೈಯಿಂದ ಹಿಡಿದುಕೊಳ್ಳಿ. ಈಗ ಬಲಗೈ ಬೆರಳುಗಳನ್ನು ಮಡಚಿ. ಎಡಗೈ ಕೆಳಗೆ ಮಾಂಸಖಂಡ ಉಬ್ಬಿದ್ದು ಗೊತ್ತಾಗುತ್ತದೆ. ಬೆರಳು ಮಡಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಇಲ್ಲಿವೆ. ಬೆರಳು ಎತ್ತುವ ಸ್ನಾಯುಗಳು ಇದರ ಹಿಂಭಾಗದಲ್ಲಿ. ಒಂದು ಕಡೆಯವು ಎಳೆಯುವಾಗ ಇನ್ನೊಂದು ಕಡೆಯವು ಬಿಡಬೇಕು. ಎರಡೂ ಒಟ್ಟಿಗೆ ಎಳೆದರೆ ಅದನ್ನೇ ನಾವು ಬಿಗಿ ಅನ್ನುವುದು. ಕೀ ಅದುಮುತ್ತಲೇ ಕೈ ಎತ್ತಲು ಹೋದರೆ ಆಗುವುದು ಇದೇ.

ಈಗ ಎಡಗೈಯನ್ನು ಹಾಗೇ ಇಟ್ಟುಕೊಂಡು ಬಲಗೈಯಿಂದ ಸಿ ಮೇಜರ್ ಕಾರ್ಡ್, ಅಂದರೆ ಸಿ, ಇ, ಜಿ ನುಡಿಸಿ. ಬಿಡಬೇಡಿ, ಒತ್ತಿಯೇ ಇಡಿ. ಸ್ನಾಯು ಉಬ್ಬಿದೆಯಾ? ಕೀ ಮೇಲೆ ಬರದ ಹಾಗೆ ನಿಧಾನಕ್ಕೆ ಒತ್ತಡ ಕಮ್ಮಿ ಮಾಡುತ್ತಾ ಹೋಗಿ. ಅಯ್ಯೋ, ಇಷ್ಟು ಸಾಕಾ ಅನ್ನಿಸುತ್ತದೆ. ಹೌದು, ಸಾಕು. ಪಿಯಾನೊದ ಒಂದು ಕೀಯನ್ನು ಮೆಲ್ಲಗೆ ಕೆಳಗಿಳಿಸಲು ಬೇಕಾದ ಭಾರ ಸುಮಾರು 50 ಗ್ರಾಂ. ಮೂರಕ್ಕೆ 150 ಗ್ರಾಂ ಆಯಿತು. 60 ಕೆಜಿ ತೂಗುವವರ ಒಂದು ತೋಳಿನ ತೂಕವೇ ಸುಮಾರು 3 ಕೆಜಿ ಇರುತ್ತದೆ. ಲೆಕ್ಕ ನೀವೇ ಹಾಕಿ.

ಈ ಪರೀಕ್ಷೆಯನ್ನು ಮುಂದಿನ ಪ್ರತಿ ಹಂತದಲ್ಲೂ ಮಾಡುತ್ತಿರಿ. ಒಬ್ಬರಿಗೇ ಕಷ್ಟವಾದರೆ ಮನೆಯವರು ಯಾರಾದರೂ ಮುಂಗೈ ಹಿಡಿದು ನೋಡಲಿ.

ಒಂದು ಸ್ವರದಿಂದ ಶುರು

ನಡುಬೆರಳನ್ನು ಇ ಕೀ ಮೇಲೆ ಇಡಿ. ಮೇಲಿನಿಂದ ಬಂದು ಬಡಿಯಬೇಡಿ, ಬೆರಳು ಕೀಗೆ ತಾಗಿಕೊಂಡೇ ಇರಲಿ. ಅಲ್ಲಿಂದಲೇ ಮುಂಗೈ ಸಮೇತ ಒಂದು ಪುಟ್ಟ ತಳ್ಳು ಕೊಡಿ. ಸದ್ದು ಬಂದ ಕ್ಷಣವೇ ತಳ್ಳುವುದನ್ನು ನಿಲ್ಲಿಸಿ. ಕೈ ಎತ್ತಲು ಹೋಗಬೇಡಿ, ಸುಮ್ನೆ ನಿಲ್ಲಿಸಿ ಅಷ್ಟೆ. ತೋಳಿನ ಭಾರವನ್ನು ಭುಜ ಮತ್ತೆ ಹೊತ್ತುಕೊಳ್ಳುತ್ತದೆ, ಕೀ ಬೆರಳನ್ನು ಮೇಲಕ್ಕೆ ತರುತ್ತದೆ. ಬೆರಳ ತುದಿ ಇನ್ನೂ ಕೀ ಮೇಲೇ ಇರುತ್ತದೆ.

ಸದ್ದು ಸಾಕಷ್ಟು ಚುಟುಕಾಗಿಲ್ಲ ಅನ್ನಿಸಿದರೆ ಬೇಸರ ಬೇಡ. ಬರೆದ ಸಂಗೀತದಲ್ಲಿ ಸ್ವರದ ಮೇಲೋ ಕೆಳಗೋ ಹಾಕುವ ಚುಕ್ಕಿಯೇ ಸ್ಟಕಾಟೊ ಗುರುತು. ಅಂಥ ಸ್ವರವನ್ನು ಸಾಮಾನ್ಯವಾಗಿ ಬರೆದ ಅವಧಿಯ ಅರ್ಧದಷ್ಟು ನುಡಿಸುತ್ತಾರೆ. ಮೆಟ್ರೊನೋಮ್ (ತಾಳದ ಏಟು ಕೊಡುವ ಯಂತ್ರ) ನಿಮಿಷಕ್ಕೆ 60 ಏಟಿಗೆ ಇಟ್ಟರೆ ಕ್ವಾರ್ಟರ್ ನೋಟ್, ಅಂದರೆ ಒಂದು ಏಟಿನ ಸ್ವರ, ಒಂದು ಸೆಕೆಂಡು, ಅದರ ಸ್ಟಕಾಟೊ ಅರ್ಧ ಸೆಕೆಂಡು. ಅದು ಆರಾಮಾಗಿ ಸಿಗುವಷ್ಟು ಹೊತ್ತು. ಚುಕ್ಕಿ ಕಂಡ ಕೂಡಲೇ ಎಷ್ಟು ಸಾಧ್ಯವೋ ಅಷ್ಟು ಚಿಕ್ಕದಾಗಿ ಕತ್ತರಿಸಬೇಕು ಅಂದುಕೊಂಡಿರುವವರೇ ಜಾಸ್ತಿ. ತೀರಾ ಚುಟುಕಾಗಬೇಕಾದ ಕಡೆ ಚುಕ್ಕಿಯ ಬದಲು ಚೂಪಾದ ಬೆಣೆಯಂಥ ಗುರುತು ಇರುತ್ತದೆ. ಚುಕ್ಕಿಯ ಜೊತೆಗೆ ಮೇಲೊಂದು ಕಮಾನು ಗೆರೆ ಇದ್ದರೆ ಇನ್ನೂ ಉದ್ದ, ಬಿಡಿಸಿಯೂ ಬಿಡಿಸದ ಹಾಗೆ.

ಮೂರು ಬೆರಳು ಒಟ್ಟಿಗೆ

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಸಿ, ಇ, ಜಿಗೆ ಬಲಗೈಯಲ್ಲಿ ಹೆಬ್ಬೆರಳು, ನಡುಬೆರಳು, ಕಿರುಬೆರಳು. ನುಡಿಸುವಾಗ ಉಳಿದ ಎರಡು ಬೆರಳು ಏನು ಮಾಡುತ್ತಿವೆ ನೋಡಿ.

ಎಸ್‌ಎಸ್‌ ಪುರಂನಿಂದ ಬರುವ ಒಂದು ಹುಡುಗಿಯ ಕೈ ನೋಡುತ್ತಿದ್ದೆ. ಕಾರ್ಡ್ ಸರಿಯಾಗಿಯೇ ಬರುತ್ತಿತ್ತು. ತೋರುಬೆರಳು ಮತ್ತು ಉಂಗುರ ಬೆರಳು ಮಾತ್ರ ಚಾವಣಿ ತೋರಿಸುತ್ತಾ ನೆಟ್ಟಗೆ ನಿಂತಿದ್ದವು. ಅಂಗೈ ಹಿಂದಿನ ನರಗಳೆಲ್ಲ ಗೆರೆ ಎಳೆದ ಹಾಗೆ ಎದ್ದು ಕಾಣುತ್ತಿದ್ದವು.

"ಅವೆರಡನ್ನ ಯಾಕಮ್ಮ ಎತ್ತಿದ್ದೀಯ?"

"ಪಕ್ಕದ ಕೀ ತಾಗಿಬಿಟ್ರೆ ಸಾರ್?"

"ತಾಗಲಿ. ಒತ್ತಬೇಡ, ಅಷ್ಟೆ."

ಡಿ ಮತ್ತು ಎಫ್ ಕೀಗಳ ಮೇಲೆ ಆ ಬೆರಳುಗಳನ್ನು ಮಲಗಿಸಿಟ್ಟು ಮತ್ತೆ ನುಡಿಸಿದಳು. ಮೊದಲೆರಡು ಸಲ ಅಪಸ್ವರ ಬಂತು, ಆಮೇಲೆ ಬರಲಿಲ್ಲ. ಮುಂಗೈ ಮುಟ್ಟಿ ನೋಡಿಕೊಂಡು ಅವಳೇ ನಕ್ಕಳು.

ಉಂಗುರ ಬೆರಳಿನದ್ದು ಒಂದು ವಿಶೇಷ ಇದೆ. ಅದನ್ನು ಎತ್ತುವ ಸ್ನಾಯುರಜ್ಜು ಅಕ್ಕಪಕ್ಕದ ಬೆರಳುಗಳ ರಜ್ಜುಗಳಿಗೆ ಅಂಗೈ ಹಿಂಭಾಗದಲ್ಲಿ ಅಂಟಿಕೊಂಡಿರುತ್ತದೆ. ನಡುಬೆರಳು, ಕಿರುಬೆರಳು ಕೆಳಗೆ ಹೋಗುವಾಗ ಇದನ್ನೊಂದೇ ಮೇಲೆತ್ತುವುದು ಅಂದರೆ ಕೈಯೊಳಗೇ ಜಗ್ಗಾಟ. ಕಾರ್ಡ್ ನುಡಿಸುವಾಗಿನ ಬಿಗಿಯಲ್ಲಿ ದೊಡ್ಡ ಪಾಲು ಈ ಸುಮ್ಮನಿರಬೇಕಾದ ಬೆರಳುಗಳದ್ದೇ ಅನ್ನುವುದು ನನ್ನ ಅನುಭವ.

ಇನ್ನೊಂದು ತಪ್ಪು ತಿಳಿವಳಿಕೆ. ಕೈ ಸಡಿಲ ಬಿಡಿ ಅಂದ ಕೂಡಲೇ ಕೆಲವರು ಬೆರಳಿನ ಗೆಣ್ಣು ಒಳಕ್ಕೆ ಕುಸಿಯುವಷ್ಟು ಬಿಟ್ಟುಬಿಡುತ್ತಾರೆ. ಆಗ ಮೂರು ಸ್ವರ ಒಟ್ಟಿಗೆ ಬರುವುದಿಲ್ಲ, ಒಂದು ಮುಂದೆ ಒಂದು ಹಿಂದೆ ಆಗುತ್ತದೆ. ಅದನ್ನು ಸರಿಮಾಡಲು ಭುಜ ಬಿಗಿಯುತ್ತದೆ. ಕೀ ಕೆಳಗೆ ಹೋಗುವ ಆ ಕ್ಷಣದಲ್ಲಿ ಬೆರಳು, ಗೆಣ್ಣು, ಮಣಿಕಟ್ಟು ಗಟ್ಟಿಯಾಗಿಯೇ ಇರಬೇಕು. ಮರುಕ್ಷಣ ಬಿಡಬೇಕು. ಸದಾ ಮೆತ್ತಗಿರುವ ಕೈಯಿಂದ ಒಳ್ಳೆಯ ಕಾರ್ಡ್ ಬರುವುದಿಲ್ಲ.

ಅಭ್ಯಾಸ ಹೀಗೆ. ಮೆಟ್ರೊನೋಮ್ 60. ಒಂದನೇ ಏಟಿಗೆ ಕಾರ್ಡ್, ಉಳಿದ ಮೂರು ಏಟು ಮೌನ. ಆ ಮೌನದಲ್ಲಿ ಭುಜ, ಮಣಿಕಟ್ಟು, ಹೆಬ್ಬೆರಳು ಮೂರನ್ನೂ ಮನಸ್ಸಿನಲ್ಲೇ ಒಂದು ಸುತ್ತು ನೋಡಿ ಬನ್ನಿ. ದವಡೆ ಕಚ್ಚಿಕೊಂಡಿದ್ದೀರಾ ಅಂತಲೂ ನೋಡಿ, ತುಂಬಾ ಜನ ಕಚ್ಚಿಕೊಂಡಿರುತ್ತಾರೆ. ನಾಲ್ಕು ದಿನ ಇಷ್ಟೇ ಮಾಡಿದರೂ ಅವಸರವಿಲ್ಲ. ಆಮೇಲೆ ಒಂದು ಏಟು ಕಾರ್ಡ್, ಒಂದು ಏಟು ಮೌನ. ಆಮೇಲೆ ಪ್ರತಿ ಏಟಿಗೂ ಕಾರ್ಡ್.

ಕಾರ್ಡ್ ಬದಲಾಗುವಾಗ

ಹತ್ತಿರ ಹತ್ತಿರ ಇರುವ ಮೂರು ಕಾರ್ಡ್ ತೆಗೆದುಕೊಳ್ಳಿ. ಮೊದಲು ಸಿ, ಇ, ಜಿ. ಆಮೇಲೆ ಸಿ, ಎಫ್, ಎ. ಇಲ್ಲಿ ಹೆಬ್ಬೆರಳು ಅಲ್ಲೇ ಇದ್ದು ನಡುಬೆರಳು ಎಫ್‌ಗೆ, ಕಿರುಬೆರಳು ಎಗೆ ಸರಿಯುತ್ತವೆ. ಮೂರನೆಯದು ಬಿ, ಡಿ, ಜಿ. ಹೆಬ್ಬೆರಳು ಬಿಗೆ ಇಳಿಯುತ್ತದೆ, ಡಿಗೆ ತೋರುಬೆರಳು, ಜಿಗೆ ಕಿರುಬೆರಳು. ಸಿ, ಎಫ್, ಜಿ ಮೂರೂ ಮೇಜರ್ ಕಾರ್ಡ್ ಆಯಿತು, ಕೈ ಅರ್ಧ ಗೇಣು ಕೂಡ ಅಲುಗಲಿಲ್ಲ.

ಹೆಚ್ಚಿನವರು ಸದ್ದು ಬಂದ ಮೇಲೆ ಕೈಯನ್ನು ಗಾಳಿಗೆ ಎತ್ತಿ, ಅಲ್ಲೇ ಮುಂದಿನ ಕಾರ್ಡಿನ ಆಕಾರ ಮಾಡಿಕೊಂಡು, ಮೇಲಿನಿಂದ ಬೀಳುತ್ತಾರೆ. ಗಾಳಿಯಲ್ಲಿ ಬೆರಳು ಚಾಚಿ ಹಿಡಿಯುವುದು ಕೈಗೆ ದುಬಾರಿ. ಬಿಟ್ಟ ಕೂಡಲೇ ಕೀಗಳ ಮೇಲೇ ಜಾರಿ ಮುಂದಿನ ಜಾಗಕ್ಕೆ ಹೋಗಿ ಕಾದು ಕೂರಿ, ಏಟು ಬಂದಾಗ ನುಡಿಸಿ. ಸ್ಟಕಾಟೊ ಸಂಗೀತದಲ್ಲಿ ಅರ್ಧ ಹೊತ್ತು ಮೌನವೇ ಇರುತ್ತದಲ್ವಾ? 120ರ ವೇಗದಲ್ಲೂ ಎರಡು ಕ್ವಾರ್ಟರ್ ನೋಟ್ ಕಾರ್ಡ್‌ಗಳ ನಡುವೆ ಕಾಲು ಸೆಕೆಂಡು ಸಿಗುತ್ತದೆ. ಅರ್ಧ ಗೇಣು ಸರಿಯಲು ಅದು ಧಾರಾಳ.

ಕಪ್ಪು ಕೀ ಬಂದರೆ, ಉದಾಹರಣೆಗೆ ಡಿ ಮೇಜರ್‌ನಲ್ಲಿ, ಇಡೀ ಕೈಯನ್ನು ಸ್ವಲ್ಪ ಒಳಕ್ಕೆ ತಳ್ಳಿಕೊಳ್ಳಿ. ಬೆರಳನ್ನು ಮಾತ್ರ ಚಾಚಿ ಮುಟ್ಟಲು ಹೋಗಬೇಡಿ. ಚಿಕ್ಕ ಕೀಬೋರ್ಡ್‌ಗಳಲ್ಲಿ ಕೀಯ ಒಳತುದಿ ಗಟ್ಟಿಯಾಗಿರುತ್ತದೆ, ಅದರ ಕೀಲು ಅಲ್ಲೇ ಹತ್ತಿರದಲ್ಲಿರುವುದರಿಂದ. ತೀರಾ ಒಳಗೂ ಹೋಗಬೇಡಿ. ಎಲ್ಲವನ್ನೂ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಸಿ ಸ್ಕೇಲಿನಲ್ಲೇ ನುಡಿಸುವವರಿಗೆ ಈ ಪ್ಯಾರಾ ಬೇಕಾಗಿಲ್ಲ, ಅದು ಅವರ ಪಾಪ.

ಒಂದೇ ಕಾರ್ಡ್ ಮೇಲಿಂದ ಮೇಲೆ ಬಂದಾಗ

ಸಿನಿಮಾ ಹಾಡಿನ ರಿದಂನಲ್ಲಿ ಎಂಟು ಕಾರ್ಡ್ ಸಾಲಾಗಿ ಟಕ ಟಕ ಬರುವುದು ಮಾಮೂಲಿ. ಎಂಟಕ್ಕೂ ಎಂಟು ಸಲ ಹೊಸದಾಗಿ ಬಲ ಹಾಕಿದರೆ ಮೂರನೇ ಸಾಲಿಗೆ ಕೈ ಸೋಲುತ್ತದೆ. ಎರಡೆರಡಾಗಿ ಗುಂಪು ಮಾಡಿ. ಮೊದಲನೆಯದಕ್ಕೆ ಮಣಿಕಟ್ಟು ಒಂದಿಷ್ಟು ಕೆಳಗಿಳಿಯಲಿ, ಎರಡನೆಯದು ಅದು ಮೇಲೆ ಬರುವ ದಾರಿಯಲ್ಲೇ ನುಡಿಯಲಿ. ಎರಡು ಕಾರ್ಡ್, ತೋಳಿನ ಚಲನೆ ಒಂದು. ಇದು ಕೂತ ಮೇಲೆ ನಾಲ್ಕು: ಮೊದಲನೆಯದಕ್ಕೆ ಇಳಿದ ಮಣಿಕಟ್ಟು ಉಳಿದ ಮೂರಕ್ಕೆ ನಿಧಾನವಾಗಿ ಏರುತ್ತಾ ಹೋಗಲಿ. ಏರಿಳಿತ ಒಂದೆರಡು ಸೆಂಟಿಮೀಟರ್ ಸಾಕು, ಪಕ್ಕದಲ್ಲಿ ಕೂತವರಿಗೆ ಕಾಣದಿದ್ದರೂ ನಡೆಯುತ್ತದೆ.

ಬರೀ ಮಣಿಕಟ್ಟಿನಿಂದ ಕೈಯನ್ನು ಪಟಪಟ ಬಡಿಯುವ ರೀತಿಯನ್ನೂ ಕೆಲವರು ಕಲಿಸುತ್ತಾರೆ. ಮೆಲ್ಲನೆಯ, ವೇಗದ ಕಾರ್ಡ್‌ಗಳಿಗೆ ಅದು ಬೇಕಾಗುತ್ತದೆ. ಆದರೆ ಪ್ರತಿ ಸಲವೂ ಕೈಯನ್ನು ಎತ್ತುವ ಕೆಲಸ ಮುಂಗೈ ಹಿಂಭಾಗದ ಸ್ನಾಯುಗಳ ಮೇಲೆ ಬೀಳುವುದರಿಂದ ಬೇಗ ಸುಸ್ತಾಗುತ್ತದೆ. ಮುಂಗೈಯಿಂದ ನುಡಿಸುವುದು ಗಟ್ಟಿಯಾದ ಮೇಲೆ ಅದಕ್ಕೆ ಕೈ ಹಾಕಿ.

ವೇಗವನ್ನು ನಾಲ್ಕು ನಾಲ್ಕು ಅಂಕಿಯಾಗಿ ಏರಿಸಿ. ಮುಂಗೈ ಉಬ್ಬಿದ್ದು ಗೊತ್ತಾದರೆ ಹಿಂದಿನ ಅಂಕಿಗೆ ಬನ್ನಿ. ಜೋರು ಮತ್ತು ವೇಗ ಎರಡನ್ನೂ ಒಂದೇ ದಿನ ಏರಿಸಬೇಡಿ.

ಎಡಗೈಯ ಬಾಸ್ ಮತ್ತು ಕಾರ್ಡ್

ಕಿರುಬೆರಳಿನಲ್ಲಿ ಬಾಸ್, ಅಂದರೆ ಕೆಳಗಿನ ಸಿ, ಆಮೇಲೆ ಮೇಲೆ ಹಾರಿ ಎರಡು ಕಾರ್ಡ್. ಮೂರರ ತಾಳದ ಹಾಡುಗಳಲ್ಲಿ ಇದು ತಪ್ಪಿದ್ದಲ್ಲ. ಬಾಸ್ ನುಡಿಸಿದ ಕೈ ಚಾಚಿದ ಆಕಾರದಲ್ಲೇ ಉಳಿದು, ಹಾಗೇ ಪಯಣ ಮಾಡುವುದರಿಂದ ಬಿಗಿ ಬರುತ್ತದೆ. ಹಾರುವಾಗ ಕೈ ಮುಚ್ಚಿಕೊಳ್ಳಲಿ, ಬೆರಳುಗಳು ಹತ್ತಿರ ಬರಲಿ, ಕಾರ್ಡ್ ಜಾಗದಲ್ಲಿ ಮತ್ತೆ ತೆರೆಯಲಿ. ಮೊದಲು ಕಾರ್ಡ್ ಸದ್ದು ಮಾಡದೆ ಅಭ್ಯಾಸ ಮಾಡಿ: ಬಾಸ್ ನುಡಿಸಿ, ಹಾರಿ, ಕಾರ್ಡ್ ಮೇಲೆ ಬೆರಳಿಟ್ಟು ನಿಲ್ಲಿ. ಸರಿಯಾದ ಕೀ ಸಿಕ್ಕಿದೆಯಾ ನೋಡಿ. ಆಮೇಲೆ ನುಡಿಸಿ.

ನೋವು ಬಂದರೆ

ನಿಲ್ಲಿಸಿ. ಆಟದವರು ಹೇಳುವ "ನೋವಿದ್ದರೇನೇ ಲಾಭ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಅಭ್ಯಾಸವನ್ನು ಹತ್ತು ಹತ್ತು ನಿಮಿಷದ ತುಂಡು ಮಾಡಿ, ನಡುವೆ ಎದ್ದು ಓಡಾಡಿ. ಬೆರಳು ಜೋಮು ಹಿಡಿಯುವುದು, ಚುಚ್ಚಿದ ಹಾಗಾಗುವುದು, ರಾತ್ರಿ ಮಲಗಿದಾಗಲೂ ನೋಯುವುದು ಇದ್ದರೆ ಎಣ್ಣೆ ತಿಕ್ಕಿಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ. 1830ರ ದಶಕದ ಆರಂಭದಲ್ಲಿ ಜರ್ಮನಿಯ ರಾಬರ್ಟ್ ಶೂಮನ್ ಬಲಗೈ ಬೆರಳಿನ ತೊಂದರೆಯಿಂದ ಪಿಯಾನೊ ವಾದಕನಾಗುವ ಆಸೆಯನ್ನೇ ಬಿಡಬೇಕಾಯಿತು. ಅವನು ದೊಡ್ಡ ಸಂಗೀತಗಾರನಾಗಿ ಉಳಿದದ್ದು ಬೇರೆಯ ವಾದ್ಯಗಾರರು ನುಡಿಸುವ ಕೃತಿಗಳನ್ನು ಬರೆದು.

ಪೆಂಡಾಲಿನಲ್ಲಿ

ಮನೆಯಲ್ಲಿ ಚೆನ್ನಾಗಿ ಬಂದದ್ದು ಸ್ಟೇಜ್ ಮೇಲೆ ಕೆಡುವುದಕ್ಕೆ ಕೈ ಒಂದೇ ಕಾರಣವಲ್ಲ. ಮೊದಲು ಸೆಟ್ಟಿಂಗ್ ನೋಡಿ. ಸಸ್ಟೇನ್ ಆನ್ ಇದ್ದರೆ ನೀವು ಎಷ್ಟು ಬೇಗ ಬಿಟ್ಟರೂ ಸದ್ದು ಎಳೆಯುತ್ತದೆ. ರಿವರ್ಬ್ (ಪ್ರತಿಧ್ವನಿ) ಜಾಸ್ತಿಯಿದ್ದರೂ ಅಷ್ಟೆ. ಸ್ಟ್ರಿಂಗ್ಸ್ ಟೋನ್ ಹಾಕಿಕೊಂಡು ಸ್ಟಕಾಟೊ ನುಡಿಸಲು ಹೋಗಬೇಡಿ. ಆ ಟೋನ್ ನಿಧಾನಕ್ಕೆ ಏಳುತ್ತದೆ, ಏಳುವ ಮೊದಲೇ ನೀವು ಬಿಟ್ಟಿರುತ್ತೀರಿ. ಸದ್ದು ಬರಲಿಲ್ಲ ಅಂತ ಮುಂದಿನ ಕಾರ್ಡನ್ನು ಇನ್ನೂ ಜೋರಾಗಿ ಗುದ್ದುತ್ತೀರಿ. ಪಿಯಾನೊ ಟೋನ್ ಇರಲಿ.

ಮಾನಿಟರ್ ಬಾಕ್ಸ್ ಹಾಡುವವರ ಕಡೆಗೆ ತಿರುಗಿರುತ್ತದೆ, ಕೀಬೋರ್ಡಿನವರು ಮೂಲೆಯಲ್ಲಿ. ನಮ್ಮ ಸದ್ದು ನಮಗೇ ಕೇಳದಿದ್ದರೆ ಎಂಥವರ ಕೈಯೂ ಗುದ್ದಲು ಶುರುಮಾಡುತ್ತದೆ. ಕಾರ್ಯಕ್ರಮ ಶುರುವಾಗುವ ಮೊದಲೇ ಸೌಂಡ್‌ನವರನ್ನು ಕರೆದು, "ಅಣ್ಣ, ಒಂದು ಬಾಕ್ಸ್ ಈ ಕಡೆ ತಿರುಗಿಸಿ" ಅನ್ನಿ. ಹೆಡ್‌ಫೋನ್ ಹಾಕಿಕೊಳ್ಳೋಣ ಅಂದರೆ ಚಿಕ್ಕ ಕೀಬೋರ್ಡ್‌ಗಳಲ್ಲಿ ಹೆಡ್‌ಫೋನ್‌ಗೂ ಮಿಕ್ಸರ್‌ಗೂ ಇರುವುದು ಸಾಮಾನ್ಯವಾಗಿ ಒಂದೇ ತೂತು. ಬಾಕ್ಸೂ ಸಿಗಲಿಲ್ಲ ಅನ್ನಿ, ಆಗ ಆ ರಾತ್ರಿ ಮಟ್ಟಿಗೆ ಟಚ್ ರೆಸ್ಪಾನ್ಸ್ ಆಫ್ ಮಾಡಿಬಿಡಿ. ಎಷ್ಟು ಗುದ್ದಿದರೂ ಸದ್ದು ಅಷ್ಟೇ ಬರುವಾಗ ಗುದ್ದಬೇಕು ಅಂತ ಕೈಗೂ ಅನ್ನಿಸುವುದಿಲ್ಲ. ಮನೆಗೆ ಬಂದ ಮೇಲೆ ಮತ್ತೆ ಆನ್ ಮಾಡಲು ಮರೆಯಬೇಡಿ.